ಬಾಯಿಂದ ಹೊರಟ ಸುರುಳಿ

ಪ್ರಶ್ನೆ: ಹಾಸನದ ಹತ್ತಿರದ ಒಂದು ಊರಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಡಿಸೈನ್ ನಾನೇ ಮಾಡುತ್ತೇನೆ. ಮೊನ್ನೆ ಮೊಬೈಲ್‌ನಲ್ಲಿ ಒಂದು ಹಳೇ ಯುದ್ಧದ ಪೋಸ್ಟರ್ ಬಂತು. ಒಬ್ಬ ಸೈನಿಕ ಮಾತಾಡುತ್ತಿದ್ದಾನೆ. ಅವನ ಬಾಯಿಂದ ಸುರುಳಿ ಹೊರಟು ಕೆಳಗಿರುವ ಮೂವರನ್ನು ಚುಚ್ಚುತ್ತದೆ. ಎರಡು ದಿನ ತಲೆಯಿಂದ ಹೋಗಲೇ ಇಲ್ಲ. ಮಾಡಿದವರು ಯಾರು? 'ಕೀಪ್ ಕಾಮ್' ಪೋಸ್ಟರ್ ಕೂಡ ಅವರದ್ದೇನಾ? ಕಂಪ್ಯೂಟರ್ ಇಲ್ಲದೆ ಅಷ್ಟು ನಯವಾಗಿ ಹೇಗೆ ಬಂತು? ಯುದ್ಧ ಮುಗಿದ ಮೇಲೆ ಅವರೇನು ಮಾಡಿದರು? ಇನ್ನೊಂದು ವಿಷಯ. ಪಂಚಾಯಿತಿಯವರು ನನ್ನ ಹತ್ತಿರ ಡೆಂಗಿ ಬಗ್ಗೆ ಒಂದು ಪೋಸ್ಟರ್ ಕೇಳಿದ್ದಾರೆ. ಇದರಿಂದ ಏನಾದರೂ ಕಲಿಯಬಹುದಾ?

ಉತ್ತರ: ಆ ಪೋಸ್ಟರ್ ಬ್ರಿಟನ್ನಿನ ಪೋಸ್ಟರ್ ಕಲಾವಿದ ಅಬ್ರಾಮ್ ಗೇಮ್ಸ್ ಅವರದ್ದು. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, 1942ರಲ್ಲಿ ಮಾಡಿದ್ದು. ನೀವು ಅಂಗಡಿಯಲ್ಲಿ ಕೂತು ಅದರ ಬಗ್ಗೆ ಎರಡು ದಿನ ಯೋಚಿಸಿದ್ದೀರಿ ಅಂದರೆ, ಎಂಬತ್ತು ವರ್ಷ ಆದಮೇಲೂ ಅದು ಕೆಲಸ ಮಾಡುತ್ತಲೇ ಇದೆ.

ಮೊದಲು ಸಣ್ಣ ಪ್ರಶ್ನೆ ಮುಗಿಸಿಬಿಡೋಣ. 'ಕೀಪ್ ಕಾಮ್ ಅಂಡ್ ಕ್ಯಾರಿ ಆನ್', ಅಂದರೆ ಗಾಬರಿಯಾಗದೆ ಕೆಲಸ ಮುಂದುವರಿಸಿ ಅನ್ನುವ ಪೋಸ್ಟರ್, ಗೇಮ್ಸ್ ಅವರದ್ದಲ್ಲ. ಅದನ್ನು ಬ್ರಿಟಿಷ್ ಸರ್ಕಾರ 1939ರಲ್ಲಿ ಲಕ್ಷಗಟ್ಟಲೆ ಅಚ್ಚು ಹಾಕಿಸಿತು, ಆದರೆ ಗೋಡೆಗೆ ಹಚ್ಚಿದ್ದು ಬಹಳ ಕಡಿಮೆ. ಬಹುಪಾಲು ರದ್ದಿಗೆ ಹೋಯಿತು. 2000ದಲ್ಲಿ ಉತ್ತರ ಇಂಗ್ಲೆಂಡಿನ ಆನಿಕ್ ಅನ್ನುವ ಊರಿನ ಹಳೇ ಪುಸ್ತಕದ ಅಂಗಡಿಯವರಿಗೆ ಒಂದು ಪ್ರತಿ ಸಿಕ್ಕಿತು. ಅದನ್ನು ಗೋಡೆಗೆ ಹಾಕಿಕೊಂಡರು. ಆಮೇಲೆ ಅದು ಕಾಫಿ ಮಗ್ಗು, ಟೀ ಶರ್ಟು, ಎಲ್ಲದರ ಮೇಲೂ ಹತ್ತಿಕೊಂಡಿತು. ಯುದ್ಧ ನಡೆಯುತ್ತಿದ್ದಾಗ ಯಾರೂ ಹೆಚ್ಚು ನೋಡದ ಪೋಸ್ಟರ್ ಇವತ್ತು ಎಲ್ಲರಿಗೂ ಗೊತ್ತು. ಆಗ ಬ್ಯಾರಕ್ ಬ್ಯಾರಕ್‌ನಲ್ಲಿ ನೇತಾಡುತ್ತಿದ್ದ ಪೋಸ್ಟರ್‌ಗಳನ್ನು ಮಾಡಿದವರ ಹೆಸರು ನಮ್ಮಲ್ಲಿ ಡಿಸೈನ್ ಓದಿದವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ಈಗ ನಿಮ್ಮ ಪೋಸ್ಟರ್‌ಗೆ ಬರೋಣ. ಮೊಬೈಲ್ ತೆಗೆದು ಇನ್ನೊಂದು ಸಲ ನೋಡಿ. ಮೇಲೆ ಸೈನಿಕನ ಮುಖ, ಬಾಯಿ ತೆರೆದಿದೆ. ಅಲ್ಲಿಂದ ಸುರುಳಿ ಶುರು. ಮಾತು ಅಂದರೆ ಗಾಳಿ, ಆದ್ದರಿಂದ ಸುರುಳಿಯೂ ಮೊದಮೊದಲು ಹಗುರ. ಕಲ್ಲು ಹಾಕಿದ ಕೆರೆಯಲ್ಲಿ ಅಲೆ ಏಳುತ್ತದಲ್ಲ, ಹಾಗೆ ಸುತ್ತಿಕೊಳ್ಳುತ್ತಾ ಹೋಗುತ್ತದೆ. ಕೆಳಗೆ ಇಳಿದಂತೆ ಸುತ್ತು ಬಿಚ್ಚಿ ನೇರವಾಗುತ್ತದೆ, ಗಟ್ಟಿಯಾಗುತ್ತದೆ, ಬಂದೂಕಿನ ತುದಿಗೆ ಸಿಕ್ಕಿಸುವ ಬಯೋನೆಟ್ಟಿನ ಅಲಗಾಗುತ್ತದೆ. ಆ ಅಲಗು ಮೂರು ಜನ ಸೈನಿಕರನ್ನು ಒಂದೇ ಸಲಕ್ಕೆ ಹಾಯ್ದುಹೋಗುತ್ತದೆ. ಬರಹದ ಅರ್ಥ ಇಷ್ಟೇ: ನಿನ್ನ ಮಾತು ನಿನ್ನ ಜೊತೆಗಾರರನ್ನು ಕೊಲ್ಲಬಹುದು.

ಸುರುಳಿ ಎಲ್ಲಿ ಮುಗಿದು ಅಲಗು ಎಲ್ಲಿ ಶುರುವಾಗುತ್ತದೆ, ಬೆರಳಿಟ್ಟು ತೋರಿಸಿ ನೋಡೋಣ. ಆಗುವುದಿಲ್ಲ. ಪೋಸ್ಟರಿನ ಜೀವ ಇರುವುದೇ ಅಲ್ಲಿ. ಒಂದು ಕಡೆ ಹರಟೆ ಹೊಡೆಯುವವನನ್ನೂ ಇನ್ನೊಂದು ಕಡೆ ಸತ್ತವರನ್ನೂ ಬರೆದು ನಡುವೆ ಬಾಣದ ಗುರುತು ಹಾಕಿದ್ದರೆ ಸುಮ್ನೆ ಒಂದು ಚಾರ್ಟ್ ಆಗುತ್ತಿತ್ತು. ಇಲ್ಲಿ ಕಾರಣವೂ ಪರಿಣಾಮವೂ ಒಂದೇ ಗೆರೆ. ಇನ್ನೊಂದು ವಿಷಯ ಗಮನಿಸಿ. ಶತ್ರು ಎಲ್ಲೂ ಕಾಣುವುದಿಲ್ಲ. ಬಾಗಿಲ ಸಂದಿಯಲ್ಲಿ ಕಿವಿಗೊಟ್ಟ ಗೂಢಚಾರ ಇಲ್ಲ. ಹಿಟ್ಲರ್ ಇಲ್ಲ. ಆ ಕಾಲದ ಬೇರೆ 'ಬಾಯಿ ಮುಚ್ಚಿಕೊಂಡಿರಿ' ಪೋಸ್ಟರ್‌ಗಳಲ್ಲಿ ಅವೆಲ್ಲ ಧಾರಾಳವಾಗಿ ಇದ್ದವು. ಗೇಮ್ಸ್ ಇವನ್ನೆಲ್ಲ ಕೈಬಿಟ್ಟರು. ಬಾಯಿ ನಿಂದು, ಅಲಗೂ ನಿಂದು ಅಂದರು.

ಹಾಗೆ ಹೇಳುವ ಧೈರ್ಯ ಅವರಿಗೆ ಇದ್ದದ್ದು ಏಕೆಂದರೆ ಅವರೇ ಸಿಪಾಯಿಯಾಗಿದ್ದರು. ಕತೆ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಹುಟ್ಟಿದ್ದು 1914ರ ಜುಲೈ 29ರಂದು, ಲಂಡನ್ನಿನ ಪೂರ್ವ ಭಾಗದ ವೈಟ್‌ಚಾಪೆಲ್‌ನಲ್ಲಿ. ಮೊದಲನೇ ಮಹಾಯುದ್ಧ ಹೊತ್ತಿಕೊಂಡ ಮಾರನೇ ದಿನ. ವಲಸೆ ಬಂದ ಯಹೂದಿ ಕುಟುಂಬ. ತಂದೆ ಲಾಟ್ವಿಯಾದವರು, ಫೋಟೋಗ್ರಾಫರ್. ತಾಯಿ ಹೊಲಿಗೆ ಕೆಲಸದವರು. ಮನೆತನದ ಹೆಸರು ಗ್ಯಾಮ್ಸೆ ಅಂತ ಇತ್ತು, ಹುಡುಗನಿಗೆ ಹನ್ನೆರಡು ವರ್ಷ ಆಗುವ ಹೊತ್ತಿಗೆ ತಂದೆ ಅದನ್ನು ಗೇಮ್ಸ್ ಅಂತ ಬದಲಾಯಿಸಿಕೊಂಡರು. ಹುಡುಗ ಸೇಂಟ್ ಮಾರ್ಟಿನ್ಸ್ ಕಲಾಶಾಲೆಗೆ ಸೇರಿದ. ಪಾಠ ಹಿಡಿಸಲಿಲ್ಲ, ಫೀಸೂ ಭಾರ. ಎರಡು ಟರ್ಮ್‌ಗೆ ಬಿಟ್ಟ. ಹಗಲು ಒಂದು ಕಮರ್ಷಿಯಲ್ ಸ್ಟುಡಿಯೋದಲ್ಲಿ ಹುಡುಗನ ಕೆಲಸ, ರಾತ್ರಿ ಚಿತ್ರ ಬರೆಯುವ ಕ್ಲಾಸು. 1936ರಲ್ಲಿ ಆ ಸ್ಟುಡಿಯೋದಿಂದ ಕೆಲಸವೂ ಹೋಯಿತು. ಯಾಕೆ ಅಂತೀರಾ? ತಮಾಷೆಗೆ ನಾಲ್ಕು ಕುರ್ಚಿ ಸಾಲಾಗಿಟ್ಟು ಹಾರಿದ್ದಕ್ಕೆ! ಅಷ್ಟರಲ್ಲಿ ಒಂದು ಪೋಸ್ಟರ್ ಸ್ಪರ್ಧೆ ಗೆದ್ದಿದ್ದ. ಸ್ವಂತವಾಗಿ ಕೆಲಸ ಹಿಡಿಯಲು ಶುರುಮಾಡಿದ. ಅಂಚೆ ಇಲಾಖೆ, ಶೆಲ್, ಲಂಡನ್ ಟ್ರಾನ್ಸ್‌ಪೋರ್ಟ್ ಎಲ್ಲ ಬಂದವು.

1940ರಲ್ಲಿ ಸೈನ್ಯದ ಕರೆ ಬಂತು. ಕಾಲಾಳು ಪಡೆಯಲ್ಲಿ ಸಾಮಾನ್ಯ ಸಿಪಾಯಿ. ಮರುವರ್ಷ ಸೈನ್ಯಕ್ಕೆ ಜನ ಸೇರಿಸುವ ಒಂದು ಪೋಸ್ಟರ್ ಬೇಕು ಅಂತ ಸೇನೆಯ ಆಡಳಿತ ನೋಡಿಕೊಳ್ಳುವ ವಾರ್ ಆಫೀಸ್‌ನಿಂದ ಕರೆ ಬಂತು. ಆಮೇಲೆ ಅವರು ವಾಪಸ್ ಹೋಗಲೇ ಇಲ್ಲ. ಯುದ್ಧ ಪೋಸ್ಟರ್ ಕಲಾವಿದ ಅಂತ ಒಂದು ಅಧಿಕೃತ ಹುದ್ದೆ ಆಯಿತು, ಆ ಹುದ್ದೆ ಇದ್ದದ್ದು ಅವರೊಬ್ಬರಿಗೇ. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 100 ಪೋಸ್ಟರ್ ಮಾಡಿದ್ದರು, ಕ್ಯಾಪ್ಟನ್ ಕೂಡ ಆಗಿದ್ದರು.

ಈ ಪೋಸ್ಟರ್‌ಗಳಲ್ಲಿ ಜಾಸ್ತಿ ಇದ್ದದ್ದು ಊರ ಜನಕ್ಕಲ್ಲ, ಸೈನಿಕರಿಗೇ. ಅಭ್ಯಾಸದ ಮೈದಾನದಲ್ಲಿ ಸಿಡಿಯದೆ ಉಳಿದ ಗುಂಡನ್ನು ಬಿಟ್ಟು ಬರಬೇಡಿ, ಮಕ್ಕಳ ಕೈಗೆ ಸಿಗುತ್ತದೆ. ನಿಮ್ಮ ತರಕಾರಿ ನೀವೇ ಬೆಳೆದುಕೊಳ್ಳಿ. ಇಂಥವು. ತರಕಾರಿಯದ್ದು ಬಹಳ ಚೆನ್ನಾಗಿದೆ. ಆಗ ಇಂಗ್ಲೆಂಡಿಗೆ ಊಟ ಸಮುದ್ರ ದಾಟಿ ಬರಬೇಕಿತ್ತು, ಜರ್ಮನ್ ಸಬ್‌ಮರೀನ್‌ಗಳು ಹಡಗು ಮುಳುಗಿಸುತ್ತಿದ್ದವು. ಗೇಮ್ಸ್ ಸನಿಕೆಯನ್ನೂ ಹಡಗನ್ನೂ ಒಂದೇ ಆಕಾರದಲ್ಲಿ ಬೆಸೆದುಬಿಟ್ಟರು. ನೀನು ಸನಿಕೆ ಹಿಡಿದರೆ ಒಂದು ಹಡಗು ಉಳಿಯಿತು. ಇದಕ್ಕೆ ಬೇರೆ ವಿವರಣೆ ಬೇಕಾ?

ಅವರದ್ದೇ ಒಂದು ಸೂತ್ರ ಇತ್ತು. ಅರ್ಥ ಆದಷ್ಟೂ ಹೆಚ್ಚು, ಸಾಮಗ್ರಿ ಆದಷ್ಟೂ ಕಡಿಮೆ. ಕೇಳಲು ಸುಲಭ. ಮಾಡಲು ಕೂತರೆ ಗೊತ್ತಾಗುತ್ತದೆ. ಇನ್ನೊಂದು ಮಾತೂ ಹೇಳುತ್ತಿದ್ದರು: ನಾನು ಸ್ಪ್ರಿಂಗ್ ಸುತ್ತಿ ಇಡುತ್ತೇನೆ, ಅದು ಬಿಚ್ಚಿಕೊಳ್ಳುವುದು ನೋಡುವವರ ತಲೆಯಲ್ಲಿ ಅಂತ. ನಿಮ್ಮ ತಲೆಯಲ್ಲಿ ಎರಡು ದಿನ ಬಿಚ್ಚಿಕೊಂಡದ್ದು ಅದೇ.

ನಯ ಹೇಗೆ ಬಂತು ಅಂತ ಕೇಳಿದ್ದೀರಿ. ಏರ್‌ಬ್ರಷ್. ಅಪ್ಪನ ಫೋಟೋ ಸ್ಟುಡಿಯೋದಲ್ಲಿ ಕಲಿತದ್ದು. ಆಗ ಫೋಟೋ ತಿದ್ದಲು ಏರ್‌ಬ್ರಷ್ ಬಳಸುತ್ತಿದ್ದರು. ಪೆನ್ನಿನಷ್ಟು ಸಣ್ಣ ಉಪಕರಣ, ಒಂದು ಕಡೆ ಗಾಳಿಯ ಪೈಪು, ಇನ್ನೊಂದು ಕಡೆ ಚಮಚದಷ್ಟು ಬಣ್ಣ. ಗುಂಡಿ ಒತ್ತಿದರೆ ಬಣ್ಣ ಮಂಜಿನ ಹಾಗೆ ಬೀಳುತ್ತದೆ. ನೀವು ಇವತ್ತು ಗ್ರೇಡಿಯೆಂಟ್ ಅಂತ ಒಂದು ಎಳೆತದಲ್ಲಿ ಮಾಡುವುದನ್ನು ಆಗ ಉಸಿರು ಬಿಗಿಹಿಡಿದು ಮಾಡಬೇಕಿತ್ತು. ಬಣ್ಣ ಬೀಳಬಾರದ ಜಾಗವನ್ನೆಲ್ಲ ಮೊದಲು ಮುಚ್ಚಬೇಕು. ನಾನು ಕೆಲಸ ಕಲಿಯುವಾಗ ಆಸ್ಪತ್ರೆಯಿಂದ ಹಳೇ ಎಕ್ಸ್‌ರೇ ಫಿಲ್ಮ್ ತಂದು, ತೊಳೆದು, ಬ್ಲೇಡಿನಲ್ಲಿ ಆಕಾರ ಕತ್ತರಿಸಿ ಮುಚ್ಚುತ್ತಿದ್ದೆವು. ಫಿಲ್ಮ್ ಒಂದು ಕೂದಲೆಳೆ ಎದ್ದಿದ್ದರೆ ಸಾಕು, ಬಣ್ಣ ಒಳಗೆ ನುಗ್ಗಿ ಅಂಚು ಹಾಳು. ಒಂದು ಸಲ ಮೂರು ದಿನದ ಕೆಲಸದ ಮೇಲೆ ನನ್ನ ಏರ್‌ಬ್ರಷ್ ಕೆಮ್ಮಿತು. ಹೌದು, ಕೆಮ್ಮುವುದು ಅಂತಲೇ ಹೇಳುತ್ತಿದ್ದೆವು. ಮೂತಿಯಲ್ಲಿ ಒಣಗಿದ ಬಣ್ಣ ಸಿಕ್ಕಿಕೊಂಡು ಒಂದೇ ಸಲ ಉಗುಳುತ್ತದೆ. ಆಗ ಕಂಟ್ರೋಲ್ ಝಡ್ ಇರಲಿಲ್ಲ ಸ್ವಾಮಿ. ಆ ಕೆಲಸ ಮಾಡಿ ಗೊತ್ತಿರುವುದರಿಂದ ಹೇಳುತ್ತೇನೆ, ಗೇಮ್ಸ್ ಅವರ ಸುರುಳಿಯ ಅಂಚು ನೋಡಿದರೆ ಈಗಲೂ ಕೈ ನಡುಗುತ್ತದೆ.

ಆದರೆ ನಯ ಅವರಿಗೆ ತೊಂದರೆಯನ್ನೂ ತಂದಿತು. 1941ರಲ್ಲಿ ಹೆಂಗಸರ ಸೇನಾ ದಳ ಎಟಿಎಸ್‌ಗೆ ಒಂದು ಪೋಸ್ಟರ್ ಮಾಡಿದರು. ಟೋಪಿ ಹಾಕಿದ ಹುಡುಗಿಯ ಪಕ್ಕದ ನೋಟ. ಹೊಂಬಣ್ಣದ ಕೂದಲು, ಕೆಂಪು ತುಟಿ, ಮುಖದ ಮೇಲೆ ಸಿನಿಮಾ ಥರದ ನೆರಳು ಬೆಳಕು. ಪಾರ್ಲಿಮೆಂಟಿನಲ್ಲೇ ಮಾತು ಎದ್ದಿತು, ಇದು ತೀರಾ ಗ್ಲಾಮರ್ ಆಯಿತು ಅಂತ. ಪೋಸ್ಟರ್ ವಾಪಸ್. ಜನ ಅದಕ್ಕೆ 'ಬ್ಲಾಂಡ್ ಬಾಂಬ್‌ಶೆಲ್' ಅಂತ ಹೆಸರಿಟ್ಟರು, ಇವತ್ತಿಗೂ ಗೇಮ್ಸ್ ಅಂದರೆ ಮೊದಲು ತೋರಿಸುವುದು ಅದನ್ನೇ. ನನಗೇನೋ ಅದು ಅವರ ಒಳ್ಳೆಯ ಕೆಲಸಗಳಲ್ಲಿ ಒಂದು ಅನಿಸುವುದಿಲ್ಲ. ಚಂದ ಇದೆ, ಅಷ್ಟೇ. ಒಳಗೆ ಸುತ್ತಿಟ್ಟ ಸ್ಪ್ರಿಂಗ್ ಇಲ್ಲ.

ನಿಜವಾದ ಜಗಳ ಆದದ್ದು ಆಮೇಲೆ. 1942ರಲ್ಲಿ 'ನಿಮ್ಮ ಬ್ರಿಟನ್, ಅದಕ್ಕಾಗಿ ಈಗ ಹೋರಾಡಿ' ಅನ್ನುವ ಒಂದು ಸರಣಿ. ಯಾವ ದೇಶಕ್ಕಾಗಿ ಹೋರಾಡುತ್ತಿದ್ದೇವೆ ಅಂತ ಸೈನಿಕರಿಗೆ ತೋರಿಸಬೇಕಿತ್ತು. ಅವರ ಜೊತೆ ಅದೇ ಇಲಾಖೆಯಲ್ಲಿ ಫ್ರಾಂಕ್ ನ್ಯೂಬೋಲ್ಡ್ ಅಂತ ಇದ್ದರು. ರೈಲ್ವೆ ಪೋಸ್ಟರ್‌ಗಳಿಂದ ಹೆಸರಾದವರು, ವಯಸ್ಸಿನಲ್ಲಿ ಬಹಳ ದೊಡ್ಡವರು, ಆದರೆ ಹುದ್ದೆಯಲ್ಲಿ ಗೇಮ್ಸ್ ಅವರ ಸಹಾಯಕ. ನ್ಯೂಬೋಲ್ಡ್ ಬರೆದದ್ದು ಹಸಿರು ಗುಡ್ಡ, ಕುರಿ ಕಾಯುವವನು, ಅವನ ನಾಯಿ. ಕಣ್ಣಿಗೆ ತಂಪು. ಆದರೆ ಲಂಡನ್ನಿನ ಪೂರ್ವ ಭಾಗದ ಈಸ್ಟ್ ಎಂಡ್‌ನ ಓಣಿಯಿಂದ ಬಂದ ಸಿಪಾಯಿ ಆ ಗುಡ್ಡ ಯಾವತ್ತು ನೋಡಿದ್ದ?

ಗೇಮ್ಸ್ ಆ ಓಣಿಯವರು. ಅವರು ಹೊಸ ಕಟ್ಟಡಗಳನ್ನು ಆರಿಸಿಕೊಂಡರು. ಒಂದು ಶಾಲೆ, ಒಂದು ವಸತಿ ಸಮುಚ್ಚಯ, ಒಂದು ಆಸ್ಪತ್ರೆ. ಆಸ್ಪತ್ರೆಯದ್ದೇ ಗಲಾಟೆ ಎಬ್ಬಿಸಿದ್ದು. ಲಂಡನ್ನಿನ ಫಿನ್ಸ್‌ಬರಿ ಹೆಲ್ತ್ ಸೆಂಟರ್, 1938ರಲ್ಲಿ ತೆರೆದದ್ದು, ವಾಸ್ತುಶಿಲ್ಪಿ ಬರ್ತೊಲ್ಡ್ ಲುಬೆಟ್ಕಿನ್. ಬಡವರ ಬಡಾವಣೆಯಲ್ಲಿ ಒಂದೇ ಸೂರಿನಡಿ ಎಲ್ಲ ಚಿಕಿತ್ಸೆ ಸಿಗಲಿ ಅಂತ ಅಲ್ಲಿನ ಸ್ಥಳೀಯ ಆಡಳಿತ ಕಟ್ಟಿಸಿದ್ದು. ಪೋಸ್ಟರ್‌ನಲ್ಲಿ ಬೆಳ್ಳಗೆ ಹೊಳೆಯುವ ಆ ಕಟ್ಟಡ ಒಂದು ಗೋಡೆಯ ಹಾಗೆ ನಿಂತಿದೆ. ಅದರ ಹಿಂದೆ ಇಣುಕುವುದು ಕುಸಿದ, ಕೊಳಕು ಮನೆ, ಒಳಗೆ ಮೂಳೆ ಮೆತ್ತಗಾಗುವ ರಿಕೆಟ್ಸ್ ಕಾಯಿಲೆ ಬಂದು ಕಾಲು ಸೊಟ್ಟಗಾದ ಹುಡುಗ.

ಪ್ರಧಾನಿ ಚರ್ಚಿಲ್ ಅದನ್ನು ನೋಡಿ ಸಿಡಿದರು. ಯುದ್ಧಕ್ಕೆ ಮುಂಚಿನ ಬ್ರಿಟನ್ ಹೀಗಿತ್ತು ಅನ್ನುವುದು ದೇಶಕ್ಕೆ ಮಾಡಿದ ಅವಮಾನ ಅನ್ನುವುದು ಅವರ ವಾದ. ಪೋಸ್ಟರ್ ತೆಗೆಸಿದರು. ಗೇಮ್ಸ್ ಮಾತ್ರ ತಾನು ನೋಡಿ ಬೆಳೆದದ್ದನ್ನೇ ಬರೆದಿದ್ದರು. ಅಂಥ ಹುಡುಗರು ಅವರ ಬೀದಿಯಲ್ಲೇ ಓಡಾಡಿಕೊಂಡಿದ್ದರು.

ನನಗೆ ಅವರ ಬದುಕಿನಲ್ಲಿ ಬಹಳ ಹಿಡಿಸುವ ಜಾಗ ಇದು. ಸರ್ಕಾರದ ಪ್ರಚಾರ ಮಾಡುವವನು ಅಂದರೆ ಹೇಳಿದ್ದನ್ನು ಬರೆದುಕೊಡುವವನು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಗೇಮ್ಸ್ ಸಂಬಳ ತಗೊಂಡದ್ದು ಸರ್ಕಾರದಿಂದ, ಬರೆದದ್ದು ಸಿಪಾಯಿಗೆ. ಗ್ರಾಹಕರ ಮುಂದೆ ನಾಲ್ಕು ನಮೂನೆ ಇಟ್ಟು ಯಾವುದು ಬೇಕೋ ಆರಿಸಿಕೊಳ್ಳಿ ಅನ್ನುವ ಪದ್ಧತಿ ಅವರದ್ದಾಗಿರಲಿಲ್ಲ. ತನಗೆ ಸರಿ ಅನಿಸಿದ ಒಂದನ್ನು ತೋರಿಸುತ್ತಿದ್ದರು. ನೀವು ನಾನು ಹಾಗೆ ಮಾಡಿದರೆ ಅಂಗಡಿ ಮುಚ್ಚಬೇಕಾಗುತ್ತದೆ, ಅದು ಬೇರೆ ಮಾತು.

1945ರ ಜುಲೈ ಚುನಾವಣೆಯಲ್ಲಿ ಚರ್ಚಿಲ್ ಪಕ್ಷ ಸೋತಿತು, 1948ರ ಜುಲೈನಲ್ಲಿ ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಎನ್‌ಎಚ್‌ಎಸ್ ಶುರುವಾಯಿತು. ಪೋಸ್ಟರ್‌ನಿಂದ ಚುನಾವಣೆ ಗೆದ್ದರು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಆ ಹುಡುಗನಂಥ ಮಕ್ಕಳ ಬಗ್ಗೆ ಸೈನಿಕರು ಆಗಲೇ ಯೋಚಿಸುತ್ತಿದ್ದರು ಅನ್ನುವುದಂತೂ ನಿಜ.

1945ರ ಏಪ್ರಿಲ್‌ನಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿ ಸಾಯಿಸುತ್ತಿದ್ದ ಜರ್ಮನಿಯ ಬರ್ಗನ್-ಬೆಲ್ಸನ್ ಶಿಬಿರಕ್ಕೆ ಬ್ರಿಟಿಷ್ ಸೈನ್ಯ ತಲುಪಿತು. ಅಲ್ಲಿ ತೆಗೆದ ಫೋಟೋಗಳು ವಾರ್ ಆಫೀಸಿಗೆ ಬಂದವು, ಗೇಮ್ಸ್ ನೋಡಿದರು. ಅಪ್ಪ ಲಾಟ್ವಿಯಾದಿಂದ ಹೊರಡದೆ ಉಳಿದಿದ್ದರೆ ಆ ಫೋಟೋದಲ್ಲಿ ಯಾರಿರುತ್ತಿದ್ದರು ಅನ್ನುವುದು ಬಿಡಿಸಿ ಹೇಳಬೇಕಾಗಿಲ್ಲ. ಬಿಡುಗಡೆಯಾದ ಯಹೂದಿಗಳಿಗೆ ಬಟ್ಟೆ ಕೊಡಿ ಅಂತ ಅದೇ ವರ್ಷ ಒಂದು ಪೋಸ್ಟರ್ ಮಾಡಿದರು. ಆಮೇಲೂ ಯಹೂದಿ ಸಂಸ್ಥೆಗಳಿಗೆ ಬಹಳ ಕೆಲಸ ಮಾಡಿಕೊಟ್ಟರು.

ಯುದ್ಧದ ನಂತರದ್ದನ್ನು ಬೇಗ ಹೇಳುತ್ತೇನೆ. 1945ರಲ್ಲೇ ಮೇರಿಯಾನ್ ಅವರನ್ನು ಮದುವೆಯಾದರು, ಮೂವರು ಮಕ್ಕಳು. ಕೆಲಸದ ಸ್ಟುಡಿಯೋ ಮನೆಯಲ್ಲೇ. 1948ರ ಲಂಡನ್ ಒಲಿಂಪಿಕ್ಸ್‌ಗೆ ಒಂದು ಅಂಚೆಚೀಟಿ ಮಾಡಿದರು. 1951ರಲ್ಲಿ ದೇಶವೇ ಆಚರಿಸಿದ ಉತ್ಸವ ಫೆಸ್ಟಿವಲ್ ಆಫ್ ಬ್ರಿಟನ್‌ಗೆ ಲಾಂಛನ ಮಾಡಿದರು. ದಿಕ್ಸೂಚಿಯ ನಕ್ಷತ್ರದ ಮೇಲೆ ಬ್ರಿಟಾನಿಯಾದ ತಲೆ. ಬ್ರಿಟಾನಿಯಾ ಅಂದರೆ ನಮ್ಮ ಭಾರತಮಾತೆಯ ಹಾಗೆ ಬ್ರಿಟನ್ನನ್ನು ಹೆಣ್ಣಾಗಿ ಬರೆದ ರೂಪ. ಮಾಡಿಸಿದವರು ಹಬ್ಬದ ಕಳೆ ಸಾಲದು ಅಂದರಂತೆ. ಹೆಂಡತಿ ಹಗ್ಗದ ಮೇಲೆ ಬಟ್ಟೆ ಒಣಗಹಾಕುವುದನ್ನು ನೋಡಿ, ಕೆಳಗೆ ಬಣ್ಣದ ತೋರಣ ಕಟ್ಟಿದರು ಅನ್ನುವ ಕತೆ ಇದೆ. ಕೋನಾ ಅನ್ನುವ ಗಾಜಿನ ಕಾಫಿ ಮೇಕರ್‌ಗೆ ರೂಪ ಕೊಟ್ಟವರೂ ಅವರೇ. ನಮ್ಮ ಕಾಫಿ ಫಿಲ್ಟರಿನಲ್ಲಿ ನೀರು ಮೇಲಿಂದ ಕೆಳಗೆ ಇಳಿಯುತ್ತದಲ್ಲ, ಅದರಲ್ಲಿ ನೀರು ಕಾದು ಮೊದಲು ಮೇಲೆ ಹತ್ತಿ, ಆಮೇಲೆ ಕಾಫಿಯಾಗಿ ಇಳಿಯುತ್ತದೆ.

1953ರಲ್ಲಿ ಬಿಬಿಸಿ ಟಿವಿಗೆ ಮೊದಲ ಚಲಿಸುವ ಗುರುತು ಮಾಡಿದರು. ಬಾವಲಿ ರೆಕ್ಕೆಯ ಹಾಗಿತ್ತು, ಜನ ಹಾಗೇ ಕರೆದರು. ಕಂಪ್ಯೂಟರ್ ಎಲ್ಲಿತ್ತು ಆಗ? ಲೋಹ, ತಂತಿ ಸೇರಿಸಿ ನಿಜವಾದ ಯಂತ್ರವೊಂದನ್ನು ಕಟ್ಟಿ, ತಿರುಗಿಸಿ, ಶೂಟ್ ಮಾಡಿಕೊಂಡರು. ಶೂಟಿಂಗ್ ಮುಗಿದು ಸ್ವಲ್ಪ ಹೊತ್ತಿಗೆ ಯಂತ್ರ ಕೆಟ್ಟಿತು. ಪುಣ್ಯಕ್ಕೆ ಮುಗಿದ ಮೇಲೆ!

ಆಮೇಲೆ ಕಾಲ ಬದಲಾಯಿತು. ಟಿವಿ ಬಂದು ಪೋಸ್ಟರಿನ ಜಾಗ ಕಿತ್ತುಕೊಂಡಿತು. ಕೈಯಲ್ಲಿ ಬರೆಯುವ ಜಾಗಕ್ಕೆ ಫೋಟೋ ಬಂತು. ಆದರೂ 1976ರಲ್ಲಿ ಅವರು ಲಂಡನ್ ಟ್ರಾನ್ಸ್‌ಪೋರ್ಟ್‌ಗೆ ಮಾಡಿದ ಮೃಗಾಲಯದ ಪೋಸ್ಟರ್ ನೋಡಿ. ಅಲ್ಲಿನ ಸುರಂಗ ರೈಲಿನ ಗುರುತು ಗೊತ್ತಲ್ಲ, ದುಂಡಗಿನ ಉಂಗುರ, ನಡುವೆ ಒಂದು ಪಟ್ಟಿ. ಆ ಗುರುತುಗಳನ್ನೇ ಜೋಡಿಸಿ ಹುಲಿ ಮಾಡಿದ್ದಾರೆ. ವಯಸ್ಸು ಅರವತ್ತು ದಾಟಿತ್ತು. ಇವತ್ತೂ ಲಂಡನ್ನಿನ ಸ್ಟಾಕ್‌ವೆಲ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಅವರು ಮಾಡಿದ ಹಂಸದ ಟೈಲ್ಸ್ ಇದೆ. ಪಕ್ಕದಲ್ಲಿದ್ದ ಸ್ವಾನ್ ಅನ್ನುವ ಪಬ್ಬಿನಿಂದ ಬಂದ ಹಂಸ. ಅಲ್ಲಿರುವ ನಿಮ್ಮ ನೆಂಟರು ಯಾರಾದರೂ ಆ ದಾರಿಯಲ್ಲಿ ಹೋಗುತ್ತಿದ್ದರೆ ಹೇಳಿ, ನೋಡಲಿ. ಗೇಮ್ಸ್ ತೀರಿಕೊಂಡದ್ದು 1996ರ ಆಗಸ್ಟ್‌ನಲ್ಲಿ. ಮಗಳು ನವೋಮಿ ಅವರ ಕೆಲಸವನ್ನು ಕಾಪಾಡಿಕೊಂಡು ಬಂದರು, ಪುಸ್ತಕ ಬರೆದರು. 2019ರಲ್ಲಿ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ ಅವರ ಯುದ್ಧದ ಪೋಸ್ಟರ್‌ಗಳದ್ದೇ ಒಂದು ದೊಡ್ಡ ಪ್ರದರ್ಶನ ಮಾಡಿತು.

ಈಗ ನಿಮ್ಮ ಡೆಂಗಿ ಪೋಸ್ಟರ್.

ಪಂಚಾಯಿತಿಯವರು ಏನು ಕೊಟ್ಟಿರುತ್ತಾರೆ ಅಂತ ಊಹಿಸಬಲ್ಲೆ. ಹದಿನಾಲ್ಕು ಸಾಲಿನ ಸೂಚನೆ, ಮೇಲೆ ಐದು ಜನರ ಫೋಟೋ, ಮೂಲೆಯಲ್ಲಿ ಗೂಗಲ್‌ನಿಂದ ಇಳಿಸಿದ ದೊಡ್ಡ ಸೊಳ್ಳೆ. ಫೋಟೋಗಳನ್ನು ನೀವು ತೆಗೆಯಲಾರಿರಿ, ಗೊತ್ತು. ಕೆಳಗೆ ಒಂದು ಪಟ್ಟಿ ಮಾಡಿ ಅಲ್ಲಿ ಕೂರಿಸಿ. ಸೊಳ್ಳೆಯನ್ನು ಮಾತ್ರ ಬಿಡಿ. ಗೇಮ್ಸ್ ಗೂಢಚಾರನನ್ನು ಬಿಟ್ಟ ಹಾಗೆ. ಸೊಳ್ಳೆ ಕೆಟ್ಟದ್ದು ಅಂತ ಊರಲ್ಲಿ ಯಾರಿಗೆ ಗೊತ್ತಿಲ್ಲ? ಗೊತ್ತಿಲ್ಲದ ವಿಷಯ ಬೇರೆ. ಡೆಂಗಿ ಸೊಳ್ಳೆ ಚರಂಡಿಗಿಂತ ಜಾಸ್ತಿ ಮೊಟ್ಟೆ ಇಡುವುದು ಮನೆಯ ತಿಳಿನೀರಲ್ಲಿ. ಮುಚ್ಚಳ ಇಲ್ಲದ ಡ್ರಮ್ಮು, ತೊಟ್ಟಿ, ಹಿತ್ತಲಿನ ತೆಂಗಿನ ಚಿಪ್ಪು, ಬಿಸಾಡಿದ ಟೈರು. ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿದರೆ ಮರಿಹುಳ ಸೊಳ್ಳೆಯಾಗುವ ಮೊದಲೇ ಸಾಯುತ್ತದೆ. ನೀರು ನಿಮ್ಮದು, ಡ್ರಮ್ಮೂ ನಿಮ್ಮದು. ನಿಮ್ಮ ಸುರುಳಿ ಹೊರಡಬೇಕಾದ್ದು ಅಲ್ಲಿಂದ.

ಇನ್ನೊಂದು ತುದಿ ಯಾವುದು? ಆಸ್ಪತ್ರೆಯ ಮಂಚ. ಇವೆರಡನ್ನೂ ಒಂದೇ ಆಕಾರದಲ್ಲಿ ತರಲು ಆಗುತ್ತಾ ನೋಡಿ. ಬರೆಯುತ್ತಾ ಬರೆಯುತ್ತಾ ನನಗೆ ಹೊಳೆದದ್ದು ಡ್ರಮ್ಮಿನ ನಲ್ಲಿಯಿಂದ ಬೀಳುವ ಹನಿ. ಅದೇ ಹನಿ ಕೆಳಗೆ ಡ್ರಿಪ್ಸ್ ಪೈಪಿನ ಹನಿಯಾಗಿ, ಪೈಪು ಹೋಗಿ ಮಗುವಿನ ಕೈಗೆ ಸೇರುತ್ತದೆ. ಇದು ನನ್ನದು, ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆಯಬಹುದು. ನಿಮ್ಮೂರಿನ ಹಿತ್ತಲು ನಿಮಗೇ ಚೆನ್ನಾಗಿ ಗೊತ್ತು.

ಕಂಪ್ಯೂಟರ್ ಈಗಲೇ ಆನ್ ಮಾಡಬೇಡಿ. ಗೇಮ್ಸ್ ಮೊದಲು ಒಂದಿಂಚಿನಷ್ಟು ಪುಟ್ಟ ಪುಟ್ಟ ಚಿತ್ರ ಗೀಚುತ್ತಿದ್ದರು. ಒಂದಿಂಚಿನಲ್ಲಿ ಕೆಲಸ ಮಾಡದ ಐಡಿಯಾ ಎಷ್ಟು ದೊಡ್ಡದು ಮಾಡಿದರೂ ಕೆಲಸ ಮಾಡುವುದಿಲ್ಲ ಅನ್ನುತ್ತಿದ್ದರು. ನೀವೂ ಬಿಲ್ ಪುಸ್ತಕದ ಹಿಂಬದಿಯಲ್ಲಿ ಅಂಚೆಚೀಟಿ ಅಳತೆಯ ಇಪ್ಪತ್ತು ಚೌಕ ಹಾಕಿಕೊಳ್ಳಿ, ಪೆನ್ಸಿಲ್ ಸಾಕು. ಅದರಲ್ಲಿ ಎರಡು ಮೂರು ಉಳಿಯುತ್ತವೆ. ಅವನ್ನು ಎ4 ಹಾಳೆಗೆ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು, ಒಂದು ಅಕ್ಷರವೂ ಇಲ್ಲದೆ, ಅಂಗಡಿ ಶಟರಿಗೆ ಅಂಟಿಸಿ. ರಸ್ತೆ ಆಚೆ ಟೀ ಅಂಗಡಿಯಲ್ಲಿ ನಿಂತವರನ್ನು ಅದೇನು ಅಂತ ಕೇಳಿ. ಯಾವುದನ್ನು ನೋಡಿ ಅವರು ಮನೆಯ ಡ್ರಮ್ಮಿನ ಮಾತು ಎತ್ತುತ್ತಾರೋ ಅದಕ್ಕೆ ಬಣ್ಣ ಹಾಕಿ. ಮುಗಿದ ಮೇಲೆ ನನಗೂ ಒಂದು ಪ್ರತಿ ಕಳಿಸಿ.